ಏಳು ಚಿಂದಿಯ ಗಿಡ

ಜಿರಾಫೆಯ ಚಿತ್ರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಪ್ರಾಣಿ ಪಾಪ, ನನಗೇನೂ ಮಾಡಿಲ್ಲ. ಬಣಕಲ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಪ್ರತಿ ವರ್ಷ ಜೀವವಿಕಾಸದ ಪಾಠಕ್ಕೆ ಬಂದಾಗ ಹಲಗೆಯ ಮೇಲೆ ಉದ್ದ ಕತ್ತಿನದೊಂದು, ಮೋಟು ಕತ್ತಿನದೊಂದು ಜಿರಾಫೆ ಬರೆಯುತ್ತೇನೆ. ಪ್ರತಿ ವರ್ಷ ಪರೀಕ್ಷೆಯಲ್ಲಿ ಅರ್ಧ ಕ್ಲಾಸು, ‘ಜಿರಾಫೆ ಎತ್ತರದ ಎಲೆ ತಿನ್ನಲು ಕತ್ತು ಚಾಚಿ ಚಾಚಿ ಉದ್ದ ಮಾಡಿಕೊಂಡಿತು’ ಎಂದೇ ಬರೆಯುತ್ತದೆ. ನಾನು ಕೆಂಪು ಪೆನ್ನಿನಲ್ಲಿ ಹಾಳೆ ಹರಿಯುವಷ್ಟು ಜೋರಾಗಿ ಗೀಟು ಹೊಡೆಯುತ್ತೇನೆ. ಎಷ್ಟು ಸಲ ಹೇಳಿದ್ದೇನೆ! ಯಾವ ಜೀವಿಯೂ ಬೇಕೆಂದುಕೊಂಡು ಬದಲಾಗುವುದಿಲ್ಲ. ಒಂದೇ ತಾಯಿಯ ಮಕ್ಕಳೂ ಹುಟ್ಟುವಾಗಲೇ ಅಷ್ಟಿಷ್ಟು ಬೇರೆ ಬೇರೆಯಾಗಿರುತ್ತವೆ. ಅವುಗಳಲ್ಲಿ ಆ ಜಾಗದ ಮಳೆಗೆ, ಬಿಸಿಲಿಗೆ, ರೋಗಕ್ಕೆ ಒಗ್ಗುವಂಥವು ಉಳಿದು ಮರಿ ಹಾಕುತ್ತವೆ, ಒಗ್ಗದವು ಹೋಗುತ್ತವೆ. ಎಷ್ಟೋ ತಲೆಮಾರು ಕಳೆದ ಮೇಲೆ ನೋಡಿದರೆ ಇಡೀ ಕುಲವೇ ಬೇರೆಯಾಗಿರುತ್ತದೆ. ಅಷ್ಟೇ ಪಾಠ.

ಅಷ್ಟೇ ಪಾಠವನ್ನು ನಮ್ಮವ್ವ ಮನೆಯ ಹಿಂದಿನ ತೋಟದಲ್ಲಿ ಒಂದು ಹಳೆ ಸೀರೆ, ಒಂದು ಕತ್ತರಿ ಇಟ್ಟುಕೊಂಡು ಮೂವತ್ತು ವರ್ಷ ಮಾಡಿದಳು. ನಾನು ಅಲ್ಲೇ ಹುಟ್ಟಿ ಅಲ್ಲೇ ಬೆಳೆದು ಅದನ್ನು ಕಾಣಲಿಲ್ಲ. ಕಾಣದಿದ್ದರೂ ಪರವಾಗಿರಲಿಲ್ಲ, ಹಾಳು ಮಾಡದೆ ಇದ್ದಿದ್ದರೆ ಸಾಕಿತ್ತು. ಮೂರು ವರ್ಷವಾದರೂ ಈ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ನಮ್ಮದು ಬಾಳೂರಿನ ಕಡೆ ಮೂರೂವರೆ ಎಕರೆ ಅರೇಬಿಕಾ ಕಾಫಿ. ಸುತ್ತಲೂ ದೊಡ್ಡ ಎಸ್ಟೇಟುಗಳು, ನಡುವೆ ನಮ್ಮದು ಅಂಗಿಗೆ ಹಾಕಿದ ತೇಪೆಯಷ್ಟು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ನಾನು ಇಬ್ಬರೇ. ನಾನು ಮದುವೆಯಾಗಲಿಲ್ಲ. ‘ಈ ಬಾಯಿಗೆ ಯಾರು ಸಿಗ್ತಾರೆ’ ಎಂದು ಅವ್ವ ತಾನೇ ಮುಂದಾಗಿ ಹೇಳಿ ನೆಂಟರ ಬಾಯಿ ಮುಚ್ಚಿಸಿದ್ದಾಳೆ. ಆ ಬಾಯಿ ಬಂದದ್ದು ಅವಳಿಂದಲೇ. ಅದನ್ನು ಮಾತ್ರ ಅವಳು ಒಪ್ಪುವುದಿಲ್ಲ.

ನಾನು ಚಿಕ್ಕವಳಿದ್ದಾಗ ಅಪ್ಪ ಹಳೆ ಗಿಡ ತೆಗೆಸಿ ಹೊಸ ತಳಿ ಹಾಕಿಸಿದ. ‘ಇದಕ್ಕೆ ತುಕ್ಕು ಹಿಡಿಯೋದೇ ಇಲ್ಲ’ ಎಂದು ಎಲ್ಲರೂ ಹೇಳಿದರು, ಎಲ್ಲರೂ ಅದನ್ನೇ ಹಾಕಿದರು. ಗುಡ್ಡಕ್ಕೆ ಗುಡ್ಡವೇ ಒಂದೇ ತಳಿ. ತುಕ್ಕು ಎಂದರೆ ಕಾಫಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿಯಂತೆ ಕೂರುವ ರೋಗ. ಮಳೆಗಾಲ ಮುಗಿಯುವ ಹೊತ್ತಿಗೆ ಎಲೆಯೆಲ್ಲ ಉದುರಿಸಿ ಗಿಡವನ್ನು ಪೊರಕೆ ಕಡ್ಡಿ ಮಾಡಿಬಿಡುತ್ತದೆ. ಕೆಲವು ವರ್ಷ ನಿಜಕ್ಕೂ ಬರಲಿಲ್ಲ. ಆಮೇಲೆ ಒಂದು ವರ್ಷ ಬಂತು, ಗುಡ್ಡಕ್ಕೆ ಗುಡ್ಡವೇ ಬೋಳಾಯಿತು. ಮೈಲುತುತ್ತ, ಸುಣ್ಣ ಕಲೆಸಿದ ಬೋರ್ಡೋ ಔಷಧಿ ಹೊಡೆದವರ ತೋಟವೂ ಬೋಳಾಯಿತು. ‘ತುಕ್ಕೂ ಕಲ್ತುಬಿಡ್ತು ಮಾರಾಯ’ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ತಲೆ ಚಚ್ಚಿಕೊಂಡರು. ಕಲಿಯುವುದೆಂಥದು? ಶಿಲೀಂಧ್ರಕ್ಕೆ ಮೇಷ್ಟ್ರಿದ್ದಾರೆಯೇ? ಕೋಟಿಗಟ್ಟಲೆ ಬೀಜಾಣುಗಳಲ್ಲಿ ಹೊಸ ತಳಿಯ ಎಲೆ ಹೊಗುವ ಗುಣದ ಒಂದೆರಡು ಹುಟ್ಟಿಕೊಂಡವು. ಗುಡ್ಡ ತುಂಬ ಅವಕ್ಕೆ ಬೇಕಾದ ಎಲೆಯನ್ನೇ ಬಡಿಸಿ ಇಟ್ಟಿದ್ದೆವು. ಉಂಡವು, ಹೆಚ್ಚಿದವು. ಕರೆದು ಊಟಕ್ಕೆ ಕೂರಿಸಿದವರು ನಾವು, ಬೈದದ್ದು ರೋಗವನ್ನು.

ಗಂಡಸರು ಕಟ್ಟೆಯ ಮೇಲೆ ಕೂತಿದ್ದಾಗ ಅವ್ವ ತೋಟದೊಳಗೆ ಹೋದಳು. ಸಾವಿರಾರು ಬೋಳು ಗಿಡಗಳ ನಡುವೆ ನಾಲ್ಕೈದು ಗಿಡ ಎಲೆ ಹಿಡಿದುಕೊಂಡು ನಿಂತಿದ್ದವಂತೆ. ಸೆರಗಿನ ತುದಿ ಹರಿದು ಅವುಗಳ ಕಾಂಡಕ್ಕೆ ಕಟ್ಟಿ ಬಂದಳು, ಗುರುತು ಮರೆಯದಿರಲಿ ಎಂದು. ಅದು ಶುರು. ಅಲ್ಲಿಂದ ಪ್ರತಿ ವರ್ಷ ಗೌರಿ ಹಬ್ಬ ಕಳೆದು ಮಳೆ ಬಿಟ್ಟು ಒಂಚೂರು ಹೊಳವಾದರೆ ಸಾಕು, ಹಳೆ ಸೀರೆಯ ಚಿಂದಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲು ಸಾಲು ತಿರುಗುತ್ತಿದ್ದಳು. ಎಲೆ ಹಿಡಿದು ನಿಂತ ಗಿಡಕ್ಕೆ ಒಂದು ಚಿಂದಿ. ಮುಂದಿನ ವರ್ಷವೂ ನಿಂತರೆ ಇನ್ನೊಂದು. ಯಾವ ವರ್ಷ ಎಲೆ ಉದುರಿಸಿತೋ ಆ ವರ್ಷ ಕಟ್ಟಿದ್ದನ್ನೆಲ್ಲ ಬಿಚ್ಚಿ ತಂದುಬಿಡುತ್ತಿದ್ದಳು. ಹೋದ ವರ್ಷದ ಶಿಫಾರಸು ಅವಳ ಹತ್ತಿರ ನಡೆಯುತ್ತಿರಲಿಲ್ಲ.

ಮೂರು ಚಿಂದಿ ಆದ ಗಿಡದಿಂದ ಮಾತ್ರ ಬೀಜ. ಹಣ್ಣು ಕೆಂಪಾದಾಗ ತಾನೇ ಬಿಡಿಸಿ, ಸಿಪ್ಪೆ ಬಿಡಿಸಿ, ಒಲೆಯ ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ, ಪಾತಿ ಮಾಡಿ ಸಸಿ ಎಬ್ಬಿಸುತ್ತಿದ್ದಳು. ಸತ್ತ ಗಿಡದ ಜಾಗಕ್ಕೆ ಆ ಸಸಿ. ಅರೇಬಿಕಾ ಹೆಚ್ಚಾಗಿ ತನ್ನ ಹೂವಿನಲ್ಲೇ ಕಾಯಿ ಕಟ್ಟುವ ಗಿಡ, ತಾಯಿಯ ಗುಣ ಮಕ್ಕಳಿಗೆ ಬಹುಮಟ್ಟಿಗೆ ಬರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವ್ವ ಓದಿರಲಿಲ್ಲ, ಮಾಡುತ್ತಿದ್ದಳು.

‘ಒಳ್ಳೇ ಫಸಲು ಬಂದ ವರ್ಷ ಜಾಸ್ತಿ ಕಾಯಿ ಕಟ್ಟಿದ್ದರ ಬೀಜ ಇಡಬಾರ್ದಾ? ಎಲ್ಲರೂ ಹಾಗೇ ಮಾಡೋದು’ ಎಂದು ಒಮ್ಮೆ ನಾನೇ ಉಪದೇಶ ಮಾಡಿದ್ದೆ.

‘ಒಳ್ಳೇ ವರ್ಷ ಎಲ್ಲವೂ ಒಳ್ಳೇವೇ ಕಣೇ. ಮಳೆ ಜಡಿದು ಎಲೆ ಉದ್ರೋ ವರ್ಷ ಯಾರು ನಿಂತ್ಕಂಡಿದಾರೆ, ಅದನ್ನ ನೋಡ್ಬೇಕು’ ಅಂದಳು.

ನಾನು ನಕ್ಕೆ. ಪಕ್ಕದ ತೋಟದ ಗೌಡರೂ ನಗುತ್ತಿದ್ದರು. ‘ಏನು ಟೀಚರ್, ನಿಮ್ಮವ್ವ ಗಿಡಕ್ಕೆಲ್ಲ ಸೀರೆ ಉಡಿಸ್ತಿದಾರೆ. ರವಿಕೆ ಯಾವಾಗ ಹೊಲಿಸ್ತಾರೆ?’ ಎಂದು ಬಸ್ಸಿನಲ್ಲಿ ನಾಲ್ಕು ಜನರ ಎದುರು ಕೇಳಿದ್ದರು. ಆ ದಿನ ನಾನು ಸಿಟ್ಟು ಮಾಡಿದ್ದು ಗೌಡರ ಮೇಲಲ್ಲ, ಅವ್ವನ ಮೇಲೆ. ‘ಹರಕೆ ಮರದ ಥರ ಕಾಣ್ತದೆ, ಕಿತ್ತು ಬಿಸಾಕು ಆ ಚಿಂದಿನ’ ಎಂದು ಕೂಗಾಡಿದ್ದೆ. ಅವ್ವ ಅದೇ ಗೌಡರಿಗೆ ಒಂದು ಬುಟ್ಟಿ ಸಸಿ ಕೊಡಲು ಹೋದಳು. ಅವರು ತಗೊಳ್ಳಲಿಲ್ಲ. ಅವರಿಗೆ ಚೀಟಿ ಅಂಟಿಸಿದ, ಪ್ಲಾಸ್ಟಿಕ್ ಚೀಲದಲ್ಲಿದ್ದ ಸಸಿಯೇ ಬೇಕಿತ್ತು. ಈ ಊರಿನಲ್ಲಿ ಒಬ್ಬರಾದರೂ ಆ ಸಸಿ ನೆಟ್ಟಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ನಮ್ಮ ತೋಟದಲ್ಲಿ ಚಿಂದಿ ಕಟ್ಟಿದ ಗಿಡ ಮೂವತ್ತೊಂದಿದ್ದವು, ಅವ್ವ ಎಬ್ಬಿಸಿದ ಸಸಿಗಳಲ್ಲಿ ಗಟ್ಟಿಯಾಗಿ ನಿಂತವೂ ಅದರಲ್ಲೇ ಸೇರಿ. ಕೆಳಗಿನ ಏರಿಯ ಹತ್ತಿರ ಒಂದಕ್ಕೆ ಏಳು ಚಿಂದಿ. ಏಳು ವರ್ಷ ಒಂದೇ ಸಮನೆ ತುಕ್ಕಿಗೆ ಜಗ್ಗದೆ ನಿಂತ ಗಿಡ ಅದೊಂದೇ. ಅವ್ವ ಅದನ್ನು ‘ದೊಡ್ಡವಳು’ ಎನ್ನುತ್ತಿದ್ದಳು. ಆ ಹಿಂದಿನ ಚಳಿಗಾಲ ಮೊಣಕಾಲು ನೋವೆಂದು ಅವಳು ಪಾತಿ ಮಾಡಿರಲಿಲ್ಲ. ‘ಬರೋ ವರ್ಷ ಎಲ್ಲಾ ದೊಡ್ಡವಳ ಬೀಜನೇ ಹಾಕ್ತೀನಿ, ಹಳೇದೆಲ್ಲ ತೆಗ್ದು ಇಡೀ ಮೇಲಿನ ಬ್ಲಾಕ್ ಅದೇ ಮಾಡಣ’ ಎಂದಿದ್ದಳು.

ಸೆಪ್ಟೆಂಬರ್ ಬಂತು. ಅದು ಬೋರರ್ ಹುಡುಕುವ ಕಾಲ. ಬೋರರ್ ಎಂದರೆ ಕಾಫಿ ಕಾಂಡದೊಳಗೆ ಸುರಂಗ ಕೊರೆದುಕೊಂಡು ಬದುಕುವ ಹುಳ. ಅದು ದುಂಬಿಯಾಗಿ ಹೊರಗೆ ಹಾರುವ ಮೊದಲೇ ರೋಗದ ಗಿಡ ಹುಡುಕಿ, ಬುಡ ಸಮೇತ ಕಿತ್ತು ಸುಡಬೇಕು. ಇಲ್ಲದಿದ್ದರೆ ಅದು ಪಕ್ಕದ ಗಿಡಗಳಿಗೆ ಮೊಟ್ಟೆ ಇಡುತ್ತದೆ. ದೊಡ್ಡ ಎಸ್ಟೇಟುಗಳಲ್ಲಿ ಇದಕ್ಕೊಂದು ಕ್ರಮವಿದೆ. ಮೊದಲು ಹುಡುಕುವವರು ಹೋಗಿ, ಕಾಂಡದ ಮೇಲೆ ಉಬ್ಬು ಗೆರೆ ಕಂಡ ಗಿಡಕ್ಕೆ ಬಟ್ಟೆ ಚೂರು ಕಟ್ಟುತ್ತಾರೆ. ಹಿಂದಿನಿಂದ ಕೀಳುವ ಗ್ಯಾಂಗ್ ಬಂದು ಬಟ್ಟೆ ಕಂಡದ್ದನ್ನೆಲ್ಲ ಕೀಳುತ್ತದೆ. ಗಿಡಕ್ಕೆ ಬಟ್ಟೆ ಕಟ್ಟಿದೆ ಎಂದರೆ ಆ ಗಿಡ ಹೋಯಿತು ಎಂದೇ ಈ ಗುಡ್ಡದಲ್ಲಿ ಕೂಲಿ ಮಾಡುವ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು! ಎಸ್ಟೇಟಿನ ಬೇಲಿ ಪಕ್ಕದಲ್ಲೇ ಐವತ್ತು ವರ್ಷ ಬದುಕಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಅವ್ವ ಕಳಸದಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದಳು. ಭಾನುವಾರ ನಾನೇ ಕೂತು, ಬಗ್ಗಿ, ಕಾಂಡ ತಡವಿ ಬೋರರ್ ಗಿಡ ಹುಡುಕಿದೆ. ಹತ್ತೊಂಬತ್ತು ಸಿಕ್ಕವು. ಚಿಂದಿ ಕಟ್ಟಿದ ಒಂದು ಗಿಡದಲ್ಲೂ ಗೆರೆ ಇರಲಿಲ್ಲ. ಗುರುತಿಗೆ ಬುಡಕ್ಕೆ ಸುಣ್ಣದ ಪಟ್ಟೆ ಬಳಿದೆ. ಸುಣ್ಣ! ಹುಟ್ಟಿದಾಗಿನಿಂದ ಮಳೆಯಲ್ಲೇ ನೆಂದವಳು, ಸೆಪ್ಟೆಂಬರಿನಲ್ಲಿ, ಬಾಳೂರಿನಲ್ಲಿ, ಸುಣ್ಣ ಬಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಸೋಮವಾರ ಇಡೀ ದಿನ ಸುರಿಯಿತು.

ಮಂಗಳವಾರ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಗುತ್ತಿಗೆ ಗ್ಯಾಂಗಿನ ಮೇಸ್ತ್ರಿ ಸಿಕ್ಕ. ಪಿಕಪ್ಪಿನಲ್ಲಿ ಎಂಟು ಆಳು. ನಮ್ಮ ತೋಟಕ್ಕೆ ಅವರು ಹೊಸಬರು.

‘ಟೀಚರ್, ನೀವು ಇರಲ್ವಾ ತೋಟದಲ್ಲಿ?’ ಎಂದ.

‘ನಂಗೆ ಶಾಲೆ ಇದೆ. ಗುರುತು ಹಾಕಿಟ್ಟಿದೀನಿ. ಗುರುತಿರೋದು ಒಂದೂ ಬಿಡ್ಬೇಡಿ, ಬುಡ ಸಮೇತ ಕಿತ್ತು ಅಲ್ಲೇ ಸುಟ್ಟುಬಿಡಿ’ ಎಂದೆ.

ಬಸ್ಸು ಬಂತು, ಹತ್ತಿದೆ. ಎಂಥ ಗುರುತು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ದಿನ ಕ್ಲಾಸಿನಲ್ಲಿ ಎಂಥ ಪಾಠ ಇತ್ತು ಎಂದು ಕೇಳುವವರಿದ್ದಾರೆ. ಕಥೆಯಾಗಿದ್ದರೆ ಜಿರಾಫೆಯೇ ಇರುತ್ತಿತ್ತೇನೋ. ಬೆಳಕಿನ ವಕ್ರೀಭವನ ಇತ್ತು. ನೀರಿನ ಲೋಟದಲ್ಲಿ ಪೆನ್ಸಿಲ್ ಇಟ್ಟು ತೋರಿಸಿದೆ.

ಸಂಜೆ ಬಸ್ಸಿಳಿದಾಗಲೇ ಹಸಿ ಕಟ್ಟಿಗೆ ಸುಡುವ ಹೊಗೆ ರಸ್ತೆವರೆಗೂ ಬಂದಿತ್ತು. ಕೆಲಸ ಆಯಿತಲ್ಲ ಎಂದು ಸಮಾಧಾನವೇ ಆಯಿತು. ತೋಟದ ಬಾಗಿಲಲ್ಲಿ ಮೇಸ್ತ್ರಿ ಕೈ ತೊಳೆಯುತ್ತಿದ್ದ.

‘ಮೂವತ್ತೊಂದು ಟೀಚರ್. ಒಂದೂ ಬಿಟ್ಟಿಲ್ಲ’ ಅಂದ, ಖುಷಿಯಿಂದ.

ಹತ್ತೊಂಬತ್ತು ಹೇಗೆ ಮೂವತ್ತೊಂದಾಯಿತು ಎಂದು ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಗುಂಡಿಗಳು, ಕೆಂಪು ಮಣ್ಣು, ಕಡಿದ ಬೇರು. ಏರಿಯ ಹತ್ತಿರ ದೊಡ್ಡ ರಾಶಿ ಇನ್ನೂ ಹೊಗೆಯಾಡುತ್ತಿತ್ತು. ಎಲೆ ಹಸಿರಾಗಿತ್ತು, ಅಷ್ಟು ಎಲೆ! ಬೆಂಕಿಯಲ್ಲೂ ಚಟಪಟ ಎನ್ನುವಷ್ಟು ಎಲೆ. ಗೆರೆ ಬಿದ್ದ ಹತ್ತೊಂಬತ್ತು ಗಿಡ, ಸುಣ್ಣ ತೊಳೆದುಹೋಗಿ, ಏನೂ ಆಗದವರಂತೆ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು.

ಮೇಸ್ತ್ರಿ ಹಿಂದೆಯೇ ಬಂದ. ‘ಇಲ್ಲಿದ್ದದ್ದಕ್ಕೆ ಏಳು ಕಟ್ಟಿದ್ರಲ್ಲ ಟೀಚರ್, ಇದಕ್ಕೆ ಭಾರಿ ರೋಗ ಇರ್ಬೇಕು ಅಂತ ಮೊದ್ಲು ಇದನ್ನೇ ತೆಗ್ದ್ವಿ. ಹಳೇ ಬಟ್ಟೆ, ಹೊಸ ಬಟ್ಟೆ ಎಲ್ಲ ಇತ್ತು. ವರ್ಷ ವರ್ಷ ನೋಡಿ ನೋಡಿ ಬಿಟ್ಟಿದೀರೇನೋ ಅಂದ್ಕಂಡ್ವಿ.’

ನನ್ನ ಬಾಯಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮೇಸ್ತ್ರಿ ತಲೆ ತಗ್ಗಿಸಿ ಕೇಳಿಸಿಕೊಂಡ. ಕಡೆಗೆ, ‘ನೀವೇ ಹೇಳಿದ್ರಲ್ಲ ಟೀಚರ್, ಗುರುತಿರೋದು ಒಂದೂ ಬಿಡ್ಬೇಡಿ ಅಂತ’ ಎಂದ. ಗ್ಯಾಂಗಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬಳು ಕತ್ತಿ ಹಿಡಿದು ದೂರ ನಿಂತಿದ್ದವಳು ಆಗ ಬಾಯಿ ಬಿಟ್ಟಳು.

‘ನಾನು ಹೇಳ್ದೆ ಅಮ್ಮ. ಕಾಂಡ ನುಣ್ಣಗದೆ, ಗೆರೆ ಇಲ್ಲ, ಎಲೆ ನೋಡಿದ್ರೆ ಇಡೀ ತೋಟದಲ್ಲಿ ಇವೇ ಚಂದ ಅವೆ ಅಂತ. ಟೀಚರ್ ಓದಿದವ್ರು, ಒಳಗಿಂದು ಅವ್ರಿಗೆ ಗೊತ್ತಿರ್ತದೆ, ಸುಮ್ನೆ ಕಡಿ ಅಂದ್ರು ಇವ್ರು.’

ಆ ಮಾತು ಕೇಳಿ ಅವಳ ಮೇಲೂ ರೇಗಿದೆ. ಗೊತ್ತಿದ್ದೂ ಕಡಿದೆಯಲ್ಲ ಎಂದು. ಅನ್ಯಾಯವಾಗಿ ರೇಗಿದೆ. ಅಲ್ಲಿದ್ದವರಲ್ಲಿ ಗಿಡವನ್ನು ಗಿಡವೆಂದು ನೋಡಿದವಳು ಅವಳೊಬ್ಬಳೇ.

ಬೆಂಕಿಯ ಅಂಚಿನಿಂದ ದೊಡ್ಡವಳ ಎರಡು ರೆಂಬೆ ಎಳೆದುಕೊಂಡೆ. ಕಾಯಿ ತುಂಬಿತ್ತು, ಎಲ್ಲ ಹಸಿರು. ಉಗುರಿನಲ್ಲಿ ಸೀಳಿದರೆ ಒಳಗೆ ಬೀಜ ಇನ್ನೂ ಎಳೆ ತೆಂಗಿನ ಗಂಜಿಯಂತೆ ಮೆತ್ತಗೆ. ಡಿಸೆಂಬರ್ ಆಗಿದ್ದರೆ ಹಣ್ಣಾಗಿರುತ್ತಿತ್ತು, ಒಂದು ಬೊಗಸೆ ಸಿಕ್ಕಿದ್ದರೂ ಕುಲ ಉಳಿಯುತ್ತಿತ್ತು. ಆದರೂ ಆ ಎಳೆ ಬೀಜವನ್ನೇ ಬೂದಿಯಲ್ಲಿ ಹೊರಳಿಸಿ ಪಾತಿಗೆ ಹಾಕಿದೆ. ಚಿಗುರು ತುಂಡುಗಳನ್ನು ಚೀಲದಲ್ಲಿ ನೆಟ್ಟೆ. ಬೀಜ ಕೊಳೆಯಿತು, ತುಂಡು ಕಪ್ಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಎರಡು ದಿನ ಬಿಟ್ಟು ಅವ್ವ ಕಳಸದಿಂದ ಬಂದಳು. ಫೋನಿನಲ್ಲಿ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಅಂಗಳದಲ್ಲಿ ಹೇಳಿದೆ. ಕೈಚೀಲ ಕೆಳಗಿಡದೆ ನೇರ ತೋಟಕ್ಕೆ ನಡೆದಳು. ಒಂದೊಂದು ಗುಂಡಿಯ ಹತ್ತಿರವೂ ನಿಂತಳು. ಏರಿಯ ಹತ್ತಿರ ಬಂದು ಕೇಳಿದಳು.

‘ನೀನು ಎಂಥದ್ರಲ್ಲಿ ಗುರುತು ಹಾಕಿದ್ದೆ?’

‘ಸುಣ್ಣ.’

‘ಸುಣ್ಣ? ಈ ಮಳೇಲಿ?’ ಎಂದು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೇಳಿದಳು, ‘ಅಲ್ಲಿ ಮಕ್ಕಳಿಗೆ ಎಂತ ಹೇಳ್ಕೊಡ್ತೀಯ ನೀನು?’

ಹೊಡೆದಿದ್ದರೆ ಚೆನ್ನಾಗಿತ್ತು. ನಿಲ್ಲುವುದನ್ನು ಉಳಿಸಿ ಬೀಳುವುದನ್ನು ಬಿಡುವ ಕೆಲಸವನ್ನು ಒಬ್ಬಳು ಮೂವತ್ತು ವರ್ಷ ಮಾಡಿದಳು. ಅದನ್ನು ಪಾಠ ಹೇಳುವವಳು ಒಂದೇ ದಿನದಲ್ಲಿ ತಿರುವುಮುರುವು ಮಾಡಿದಳು. ಗಟ್ಟಿ ಗಿಡಗಳನ್ನೇ ಆರಿಸಿ ಆರಿಸಿ ಸುಟ್ಟು, ಹುಳ ಹಿಡಿದವನ್ನು ಸಾಕಿದೆ. ಆ ಹತ್ತೊಂಬತ್ತನ್ನು ಆಮೇಲೆ ನಾನೇ ನಿಂತು ಕೀಳಿಸಿದೆ. ಅಷ್ಟರಲ್ಲಿ ಬೈಸಿಕೊಂಡ ಗ್ಯಾಂಗು ಮತ್ತೆ ಬರದೆ, ಬೇರೆ ಆಳು ಸಿಗದೆ ತಡವಾಗಿತ್ತು, ದುಂಬಿ ಹಾರಿತ್ತು.

ಮರುವರ್ಷ ತುಕ್ಕು ಜೋರಾಗಿ ಬಂತು. ಅವ್ವ ಚಿಂದಿ ಸಿಕ್ಕಿಸಿಕೊಂಡು ಹೋಗಿ, ಅಷ್ಟನ್ನೂ ವಾಪಸ್ ತಂದು ಗೂಟಕ್ಕೆ ನೇತು ಹಾಕಿದಳು. ನಾನು ಕೇಳಲಿಲ್ಲ. ಅದರ ಮುಂದಿನ ವರ್ಷವೂ ಹಾಗೇ ಆಯಿತು. ನಾನು ಶಾಲೆ, ಚುನಾವಣೆ ಡ್ಯೂಟಿ, ಪೇಪರ್ ತಿದ್ದುವುದು ಎಂದು ಆ ಕಡೆ ಹೋಗಲೇ ಇಲ್ಲ. ಹೋಗಲು ಮುಖ ಇರಲಿಲ್ಲ ಎನ್ನುವುದೇ ನಿಜ.

ಈ ವರ್ಷ ಗೌರಿ ಹಬ್ಬದ ಮೇಲೆ ಮತ್ತೆ ಹೋದಳು. ಈಗ ಕೋಲು ಹಿಡಿದೇ ನಡೆಯುವುದು. ಮಧ್ಯಾಹ್ನದ ಹೊತ್ತಿಗೆ ಬಂದು ಚಿಂದಿಯನ್ನೆಲ್ಲ ಗೂಟಕ್ಕೆ ಹಾಕಿ, ಊಟಕ್ಕೆ ಕೂತು, ತಾನಾಗಿಯೇ ಇನ್ನೊಂದು ಸಲ ಸಾರು ಹಾಕಿಸಿಕೊಂಡಳು. ನನಗೆ ಅನುಮಾನ ಬಂತು.

‘ಸಿಕ್ತಾ ಅವ್ವ?’

‘ಹ್ಞೂಂ. ಒಂದಿದೆ. ದೊಡ್ಡವಳ ಬೀಜದ್ದೇ ಇರ್ಬೇಕು, ನಾನೇ ನೆಟ್ಟಿದ್ದು. ಆಗ ಇನ್ನೂ ಸಣ್ಣದು, ಚಿಂದಿ ಕಟ್ಟಿರ್ಲಿಲ್ಲ, ಉಳ್ಕಂಡಿದೆ. ಮೂರು ವರ್ಷದಿಂದ ನೋಡ್ತಾ ಇದೀನಿ.’

‘ಮೂರು ವರ್ಷದಿಂದ? ಮತ್ತೆ ಚಿಂದಿ ಎಲ್ಲ ಇಲ್ಲೇ ಇದೆ? ಕಟ್ಲಿಲ್ವಾ?’

‘ಕಟ್ಟಲ್ಲ.’

‘ಎಲ್ಲಿದೆ ಹೇಳು, ನಾನೇ ಬೇಲಿ ಹಾಕ್ತೀನಿ.’

‘ನಿಂಗೆ ಹೇಳೋದೂ ಇಲ್ಲ’ ಎಂದು ಮಜ್ಜಿಗೆ ಬಡಿಸಿಕೊಂಡಳು.

ನನಗೆ ರೇಗಿತು. ‘ಅವ್ವಾ, ನಿಂಗೆ ಎಪ್ಪತ್ತೆಂಟು ವರ್ಷ. ನಾಳೆ ನಿಂಗೆ ಏನಾದ್ರೂ ಆದ್ರೆ ಆ ಗಿಡ ಯಾರಿಗೆ ಗೊತ್ತು? ಅದೂ ಹೋಯ್ತು, ನಿನ್ನ ಕೆಲಸವೂ ಹೋಯ್ತು. ಬುದ್ಧಿ ಬೇಡ್ವಾ ಮಾರಾಯ್ತಿ?’

‘ಹೇಳಿದ್ರೆ ಮಾತ್ರ ಉಳಿಯುತ್ತಾ? ಕಟ್ಟಿ ತೋರಿಸಿದ್ದು ಎಂತ ಆಯ್ತು ಅಂತ ನೋಡಿದ್ನಲ್ಲ’ ಎಂದು ಅವಳೂ ದನಿ ಏರಿಸಿದಳು. ‘ಕಣ್ಣು ಕೊಟ್ಟಿದಾನಲ್ಲ ದೇವ್ರು? ಮೂರೂವರೆ ಎಕರೆ. ಹುಡುಕು. ನೀನಾಗೇ ಗುರ್ತು ಹಿಡಿದ್ರೆ ಮತ್ಯಾವತ್ತೂ ಕೀಳಲ್ಲ.’

ಹಟಕ್ಕೆ ಬಿದ್ದು ನಾಲ್ಕು ಭಾನುವಾರ ಸಾಲು ಸಾಲು ತಿರುಗಿದೆ. ಜಿಗಣೆ ಕಚ್ಚಿಸಿಕೊಂಡು, ಬಗ್ಗಿ ಎಲೆಯ ಅಡಿ ನೋಡಿ, ಕಾಂಡ ತಡವಿ. ಮೊದಲ ದಿನ ಎಲ್ಲವೂ ಒಂದೇ ಥರ ಕಂಡವು. ಮೂರನೇ ವಾರದ ಹೊತ್ತಿಗೆ ಒಂದೊಂದರ ಎಲೆಯ ದಪ್ಪ, ಚಿಗುರಿನ ಬಣ್ಣ, ಹುಡಿ ಕೂರುವ ರೀತಿ ಬೇರೆ ಬೇರೆ ಎಂದು ಗೊತ್ತಾಗತೊಡಗಿತು. ಇಪ್ಪತ್ತೆರಡು ವರ್ಷ ಹಲಗೆಯ ಮೇಲೆ ಬರೆದದ್ದನ್ನು ಮೊದಲ ಸಲ ಕಣ್ಣಾರೆ ನೋಡುತ್ತಿದ್ದೆ. ಅದಕ್ಕೂ ಸಿಟ್ಟು ಬಂತು.

ನಾಲ್ಕನೇ ಭಾನುವಾರ ಸಿಕ್ಕಿತು. ಮೇಲಿನ ಬ್ಲಾಕಿನಲ್ಲಿ, ಹಲಸಿನ ಮರದ ಕೆಳಗೆ, ಸುತ್ತ ಎಲ್ಲ ಬೋಳಾಗಿರುವಲ್ಲಿ ಬುಡದಿಂದ ತುದಿಯವರೆಗೆ ಎಲೆ ಹಿಡಿದ ಗಿಡ. ಹುಡಿಯ ಒಂದು ಚುಕ್ಕೆ ಇಲ್ಲ. ಒಂದು ಎಲೆ ಕಿತ್ತುಕೊಂಡು ಓಡಿಬಂದು ಅವ್ವನ ಕೈಗೆ ಕೊಟ್ಟೆ. ‘ಸಿಕ್ತು. ಹಲಸಿನ ಮರದ ಕೆಳಗಿಂದು. ಹೌದಾ, ಅಲ್ವಾ?’

ಅವ್ವ ಎಲೆ ತಿರುಗಿಸಿ ಮುರುಗಿಸಿ ನೋಡಿದಳು.

‘ಅದಾ? ಅದು ಹೋದ ವರ್ಷ ಪೂರ್ತಿ ಬೋಳಾಗಿತ್ತಲ್ಲೇ. ಈ ವರ್ಷ ಹೆಂಗೋ ಮರದ ಮರೇಲಿ ತಪ್ಪಿಸ್ಕಂಡಿದೆ. ನೀನು ನೋಡಿರ್ಲಿಲ್ವಾ?’

ಹೋದ ವರ್ಷ ನಾನು ನೋಡಿರಲಿಲ್ಲ.

‘ಬರೋ ವರ್ಷ ಮತ್ತೆ ನೋಡು’ ಎಂದು ಎಲೆಯನ್ನು ನನ್ನ ಕೈಗೇ ವಾಪಸ್ ಕೊಟ್ಟಳು, ತನಗಿನ್ನೂ ನೂರು ವರ್ಷ ಇದೆ ಎನ್ನುವವಳ ಹಾಗೆ.